ಗೋಡೆಯ ಮೇಲಿನ ನಗುವಜ್ಜಿಯವರಲ್ಲಿ ಕಣ್ಣಿನ ಅಹವಾಲು

ಕಣ್ಣಿನ ಆಸ್ಪತ್ರೆಯ ಆ್ಯಪ್ ತಯಾರಿಸುವ ಕಚೇರಿಯ ಸಭಾಕೋಣೆಯಲ್ಲಿ, ಕಾಫಿ ಯಂತ್ರದ ಎದುರು ಗೋಡೆಗೆ ಅಂಟಿಕೊಂಡು ಸದಾ ನಗುತ್ತಿರುವ ಅಜ್ಜಿಯವರ ಸಮಕ್ಷಮಕ್ಕೆ

ಮಾನ್ಯರೇ,

ಮೊದಲು ತಮ್ಮ ಆರೋಗ್ಯ ವಿಚಾರಿಸುವುದು ಶಿಷ್ಟಾಚಾರ. ಆದರೆ ತಮ್ಮ ಚಿತ್ರದ ಕೆಳಗೇ 'ಆರೋಗ್ಯವಂತೆ, ಸ್ವಾವಲಂಬಿ, ಹೊಸದನ್ನು ಕಲಿಯಲು ಸದಾ ಸಿದ್ಧ' ಎಂದು ಬರೆದಿರುವುದರಿಂದ ಆ ತೊಂದರೆಯನ್ನು ತಮಗೆ ಕೊಡುವುದಿಲ್ಲ. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ನನ್ನ ಅತ್ತೆಯವರ ಎರಡನೇ ಕಣ್ಣಿನ ಪೊರೆ ತೆಗೆಸಲು ಈ ಆ್ಯಪಿನಲ್ಲಿ ತಾರೀಕು ಸಿಗುತ್ತಿಲ್ಲವೆಂದು ದೂರು ಹೇಳಲು ಬಂದಾಗ ನನ್ನನ್ನು ತಮ್ಮ ಎದುರಿನ ಕುರ್ಚಿಯಲ್ಲೇ ಕೂರಿಸಿದ್ದರು. ತಾವು ಯಾರೆಂದು ಕೇಳಿದ್ದಕ್ಕೆ ಅಲ್ಲಿನ ಮುಖ್ಯಸ್ಥರು, ತಾವು ನಿಜವಾಗಿ ಎಲ್ಲೂ ಇಲ್ಲವೆಂದೂ, ಬಳಕೆದಾರರನ್ನು ಮನೆಮನೆಗೆ ಹೋಗಿ ಮಾತಾಡಿಸಿ ಬಂದು ಅವರನ್ನೆಲ್ಲ ಕಲಸಿ ತಮ್ಮೊಬ್ಬರನ್ನು ಮಾಡಿಕೊಂಡಿದ್ದೇವೆಂದೂ, ಗುಂಡಿ ಎಲ್ಲಿಡಬೇಕು, ಅಕ್ಷರ ಎಷ್ಟಿರಬೇಕು ಎಂಬ ಜಗಳ ಹತ್ತಿದಾಗಲೆಲ್ಲ 'ಇದು ಅಜ್ಜಿಗೆ ಇಷ್ಟವಾದೀತೇ' ಎಂದು ತಮ್ಮ ಕಡೆ ತಿರುಗುತ್ತೇವೆಂದೂ ಬಹಳ ಗೌರವದಿಂದ ತಿಳಿಸಿದರು. ತಾವು ಈವರೆಗೆ ಯಾವುದಕ್ಕೂ ಬೇಡವೆಂದಿಲ್ಲವಂತೆ. ಇಷ್ಟು ಅಧಿಕಾರವಿದ್ದೂ ಇಷ್ಟು ಕಡಿಮೆ ಮಾತಾಡುವ ಹಿರಿಯರನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಮ್ಮ ಬಾಯಿಯ ಪಕ್ಕದಲ್ಲಿ ಒಂದು ಗುಳ್ಳೆ ಬಿಡಿಸಿ, ಅದರೊಳಗೆ 'ತುಂಬಾ ಚೆನ್ನಾಗಿದೆ ಕಣಮ್ಮ, ನನಗೇನೂ ಕಷ್ಟ ಆಗಲಿಲ್ಲ' ಎಂದು ಬರೆದಿದ್ದಾರೆ. ಅದನ್ನು ಓದಿ ನನಗೆ ಕಾಫಿ ನೆತ್ತಿಗೇರಿತು, ಏಕೆಂದರೆ ಅದು ನನ್ನ ಅತ್ತೆಯವರ ಮಾತು. ಎದುರಿಗೆ ಕೂತವರ ಮನಸ್ಸು ನೋಯಿಸಬಾರದೆಂಬುದು ಅವರ ಹಠ. ನಾದಿನಿ ಹೆಣೆದು ತಂದ ಸ್ವೆಟರಿನೊಳಗೆ ತಲೆ ತೂರದಿದ್ದಾಗಲೂ, ಪಕ್ಕದ ಮನೆಯವರು ಕೊಟ್ಟ ಸೀದ ಕೇಕನ್ನು ಅಗಿಯುವಾಗಲೂ, ಮದುವೆಗೆ ಮೊದಲು ನಾನು ಅವರ ಮುಂದೆ ಹಾಡಿ ತೋರಿಸಿದಾಗಲೂ ಇದೇ ಮಾತು, ಇದೇ ನಗು. ಹಾಡಿನ ಬಗ್ಗೆ ಒಳಗೆ ಹೋಗಿ ಮಗಳ ಕಿವಿಯಲ್ಲಿ ಏನು ಹೇಳಿದರೆಂಬುದು ನನಗೆ ತಿಳಿಯುವ ಹೊತ್ತಿಗೆ ನಮಗೆ ಇಬ್ಬರು ಮಕ್ಕಳಾಗಿದ್ದರು.

ಈಗ ತಮ್ಮ ಹುಟ್ಟಿನ ವೃತ್ತಾಂತವನ್ನು ತಮಗೇ ನಿವೇದಿಸುವ ಧೈರ್ಯ ಮಾಡುತ್ತೇನೆ. ಮೊದಲ ಕಣ್ಣಿನ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಕ್ಕೆ ಆ ಕಚೇರಿಯ ಸಂಶೋಧಕಿಯೊಬ್ಬಳು ನಮ್ಮ ಮನೆಗೆ ಬಂದು, ಹೊಸ ಆ್ಯಪನ್ನು ಅತ್ತೆಯವರ ಕೈಗಿತ್ತು, 'ಪರೀಕ್ಷೆ ಆ್ಯಪ್‌ಗೆ ಅಜ್ಜಿ, ನಿಮಗಲ್ಲ' ಎಂದು ಧೈರ್ಯ ತುಂಬಿದಳು. ಅನರ್ಥ ಶುರುವಾದದ್ದೇ ಅಲ್ಲಿ. ಪರೀಕ್ಷೆ ಅಂದಮೇಲೆ ಫೇಲಾದರೆ ಈ ಹುಡುಗಿಯನ್ನು ಯಾರೋ ಬೈಯುತ್ತಾರೆ ಎಂದು ಎಣಿಸಿದ ಅತ್ತೆಯವರು, ಏನೇ ಆಗಲಿ ಅದನ್ನು ಪಾಸು ಮಾಡಿಸಿಯೇ ಕಳಿಸಬೇಕೆಂದು ಅಲ್ಲೇ ತೀರ್ಮಾನಿಸಿಬಿಟ್ಟರು. ಗುಂಡಿ ಕಾಣದೆ 'ನೀನೇ ಒತ್ತಿಬಿಡಮ್ಮ' ಎಂದರು. ಸಹಾಯ ಮಾಡಕೂಡದೆಂಬುದು ಸಂಶೋಧನೆಯ ನಿಯಮವಾದ್ದರಿಂದ ಹುಡುಗಿ ತುಟಿ ಬಿಚ್ಚದೆ ನಕ್ಕಳು. ಪಾಪ, ಹಸಿದು ಸುಸ್ತಾಗಿದೆ ಮಗು ಎಂದುಕೊಂಡ ಅತ್ತೆಯವರು ಊಟ ಆಯಿತೇ ಎಂದು ಕೇಳಿದರು. ಮನಸ್ಸಿಗೆ ತೋಚಿದ್ದನ್ನೆಲ್ಲ ಜೋರಾಗಿ ಹೇಳುತ್ತಾ ಹೋಗಿ ಎಂದಾಗ ಅವರು ನಲ್ಲಿ ಸೋರುವುದು, ಎದುರು ಮನೆಯ ನಾಯಿ, ನನ್ನ ಸೋಮಾರಿತನ ಇವೆಲ್ಲವನ್ನೂ ಸಾದ್ಯಂತ ವಿವರಿಸಿದರು. ಬೆರಳು ಎಲ್ಲೋ ತಗುಲಿ ಪರದೆ ಬದಲಾದದ್ದೇ ತಡ, ಆ ಗುಳ್ಳೆಯೊಳಗಿನ ಮಾತು ಹೊರಬಿತ್ತು. ಹುಡುಗಿ ಅದನ್ನು ಬರೆದುಕೊಂಡಳು, ತಾವು ಅವತರಿಸಿದಿರಿ.

ತಮ್ಮ ಆಳ್ವಿಕೆಯಲ್ಲಿ ನಡೆದಿರುವ ಸುಧಾರಣೆಗಳನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಮಗೆ ಶಾಂತವಾದ ಬಣ್ಣಗಳು ಇಷ್ಟವೆಂದು ಕಣ್ಣಿನ ಆಸ್ಪತ್ರೆಯ ಆ್ಯಪಿನಲ್ಲಿ ಬಿಳಿಯ ಮೇಲೆ ಬೂದು ಅಕ್ಷರ ಬಂದಿದೆ. ಜೀವಮಾನವೆಲ್ಲ ಅಕ್ಷರ ಹುಡುಕಿ ಹೊಟ್ಟೆ ಹೊರೆದ ನನಗೂ ಅದು ಕಿಟಕಿಯ ಹತ್ತಿರ ಹೋದರೆ ಮಾತ್ರ ಕಾಣುತ್ತದೆ. ತಮಗೆ ಫೋನ್ ಮಾಡುವ ಅಗತ್ಯವೇ ಇಲ್ಲವೆಂದು ಆಸ್ಪತ್ರೆಯ ದೂರವಾಣಿ ಮುಚ್ಚಿದೆ, ಕೌಂಟರಿಗೆ ಹೋದರೆ ಅಲ್ಲಿರುವಾಕೆ ಆ್ಯಪಿನ ಕಡೆಗೇ ಕೈ ತೋರಿಸುತ್ತಾಳೆ. ತಾವು ಎಲ್ಲವನ್ನೂ ಸ್ವತಃ ಮಾಡಿಕೊಳ್ಳುವವರೆಂದು ರೋಗಿಯ ಮುಖವನ್ನೇ ಫೋನಿನ ಕ್ಯಾಮೆರಾಕ್ಕೆ ತೋರಿಸಬೇಕೆಂಬ ಕಟ್ಟಳೆಯೂ ಬಂದಿರುವುದರಿಂದ ಮಗಳಾಗಲಿ ಅಳಿಯನಾಗಲಿ ಅವರ ಪರವಾಗಿ ತಾರೀಕು ಪಡೆಯುವಂತಿಲ್ಲ. ಪರದೆಯ ಮೇಲಿನ ವೃತ್ತದೊಳಗೆ ನೇರವಾಗಿ ನೋಡಿ ಎನ್ನುತ್ತದೆ. ವೃತ್ತ ಕಂಡರೆ ತಾನೇ ನೋಡುವುದು. ಅತ್ತೆಯವರು ಗೋಡೆಯ ಗಡಿಯಾರವನ್ನೂ ನನ್ನ ಅಂಗಿಯ ಗುಂಡಿಯನ್ನೂ ನೇರವಾಗಿ ನೋಡಿ ಮುಗಿಸುವಷ್ಟರಲ್ಲಿ 'ಸಮಯ ಮೀರಿದೆ, ನೀವು ಇನ್ನೂ ಇದ್ದೀರಾ' ಎಂದು ಆ್ಯಪು ಕೇಳುತ್ತದೆ. 'ಇದ್ದೀನಪ್ಪ, ಎಲ್ಲಿಗೆ ಹೋಗಲಿ' ಎಂದು ಅವರು ವಿನಯದಿಂದಲೇ ಉತ್ತರಿಸುತ್ತಾರೆ.

ನಗು ಸಾಕು, ಒಂದು ಮಾತು ಗಂಭೀರವಾಗಿ ಹೇಳಬೇಕು. ಹೋದ ತಿಂಗಳು ಅವರಿಗೆ ಮೆಟ್ಟಿಲಿನ ಕೊನೆಯ ಹಂತ ಕಾಣಲಿಲ್ಲ. ಮೂಳೆ ಮುರಿಯಲಿಲ್ಲ, ಆದರೆ ಅಂದಿನಿಂದ ಅವರು ಕೆಳಗಿಳಿಯುವುದನ್ನೇ ಬಿಟ್ಟಿದ್ದಾರೆ, ಯಾಕೆಂದು ಕೇಳಿದರೆ ಮಹಡಿಯಲ್ಲೇ ಗಾಳಿ ಚೆನ್ನಾಗಿದೆ ಎನ್ನುತ್ತಾರೆ. ತಡಮಾಡಿದರೆ ಆ ಕಣ್ಣಿನ ಚಿಕಿತ್ಸೆ ಕಷ್ಟವಾಗುತ್ತದೆಂದು ವೈದ್ಯರೂ ಹೇಳಿದ್ದಾರೆ. ನಮಗೆ ಭಯವಾಗಿದೆ, ಅಜ್ಜಿಯವರೇ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣಪುಟ್ಟ ಪ್ರಾರ್ಥನೆಗಳು. ತಾವು ದಯಮಾಡಿ ಒಮ್ಮೆ ಕನ್ನಡಕವನ್ನು ಫ್ರಿಜ್ಜಿನಲ್ಲಿಟ್ಟು ಮನೆಯೆಲ್ಲ ಹುಡುಕಬೇಕು. ಮೊಮ್ಮಗ ಬ್ಯಾಟರಿ ಖಾಲಿ ಮಾಡಿದ, ಗಾಜು ಒಡೆದ ಫೋನನ್ನು ಒದ್ದೆ ಕೈಯಲ್ಲಿ ಹಿಡಿದು ಪಾಸ್‌ವರ್ಡ್ ಮರೆಯಬೇಕು. ಅನುಕೂಲವಿದ್ದರೆ ಒಂದು ಕಣ್ಣಿಗಾದರೂ ಪೊರೆ ಬರಿಸಿಕೊಳ್ಳಬೇಕು, ಎರಡಕ್ಕೂ ಬಂದರೆ ನಮ್ಮ ಪುಣ್ಯ. ಅದೂ ಆಗದಿದ್ದರೆ ಮುಂದಿನ ಸಭೆಯಲ್ಲಿ ಎಲ್ಲರೂ ತಮ್ಮತ್ತ ತಿರುಗಿದಾಗ ಒಮ್ಮೆ, ಒಂದೇ ಒಂದು ಸಲ, ಮುಖ ಸಿಂಡರಿಸಿದರೂ ಸಾಕು.

ನನ್ನ ಗೋಳು ತಾಳಲಾರದೆ ಮುಖ್ಯಸ್ಥರು ನಿಜವಾದ ಬಳಕೆದಾರರನ್ನೇ ಕರೆತನ್ನಿ ಎಂದರು. ನಿನ್ನೆ ಅತ್ತೆಯವರನ್ನು ಕೈಹಿಡಿದು ಮೆಟ್ಟಿಲಿಳಿಸಿ, ದಾರಿಯುದ್ದಕ್ಕೂ 'ಅತ್ತೆ, ಇವತ್ತೊಂದು ದಿನ ಒಳ್ಳೆಯವರಾಗಬೇಡಿ' ಎಂದು ಗೋಗರೆಯುತ್ತಾ ಕರೆತಂದೆ. ಅವರು ತಮ್ಮ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು, ನೆಟ್ಟಗಿರುವ ಒಂದು ಕಣ್ಣಿನಲ್ಲಿ ತಮ್ಮನ್ನು ಬಹಳ ಹೊತ್ತು ನೋಡಿದರು. ಅದೇ ಸಂಶೋಧಕಿ ಪೆನ್ನು ಹಿಡಿದು ಕಾಯುತ್ತಿದ್ದಳು. ಇನ್ನೇನು ಚೆನ್ನಾಗಿದೆ ಕಣಮ್ಮ ಅನ್ನುತ್ತಾರೆಂದು ನಾನು ಕಣ್ಣು ಮುಚ್ಚಿಕೊಂಡೆ. ಅವರು, ಈಯಮ್ಮನಿಗೆ ಎರಡನೇ ಕಣ್ಣಿನ ತಾರೀಕು ಸಿಕ್ಕಿದೆಯಾ ಎಂದು ಕೇಳಿದರು. ಹುಡುಗಿ ತಡವರಿಸುತ್ತಾ, ಇವರು ನಿಜವಾದವರಲ್ಲ ಅಜ್ಜಿ, ಇವರಿಗೆ ತಾರೀಕೇ ಬೇಕಾಗಿಲ್ಲ ಎಂದಳು. 'ಹಂಗಾದ್ರೆ ಇವರದ್ದು ನನಗೆ ಕೊಡಿಸಮ್ಮ' ಎಂದರು ಅತ್ತೆಯವರು.

ಆ ಕೋಣೆಯಲ್ಲಿ ಯಾರೂ ಅದನ್ನು ಬರೆದುಕೊಳ್ಳಲಿಲ್ಲವಾದ್ದರಿಂದ ಈ ಮೂಲಕ ತಮಗೆ ಲಿಖಿತವಾಗಿ ತಲುಪಿಸುತ್ತಿದ್ದೇನೆ.

ತಮ್ಮಂತೆ ನಗಲು ಇನ್ನೂ ಪ್ರಯತ್ನಿಸುತ್ತಿರುವ,
ತಮ್ಮ ವಿಶ್ವಾಸಿ,
ತಮ್ಮ ಮೂಲಪ್ರತಿಯ ಅಳಿಯ

ತಾ.ಕ.: ಹೊರಡುವಾಗ ಬಾಗಿಲ ಬಳಿ, ಈ ಭೇಟಿ ಹೇಗಿತ್ತು ಎಂದು ಕೇಳುವ ಪರದೆಯೊಂದಿತ್ತು. ಅತ್ತೆಯವರು ಜನ್ಮದಲ್ಲಿ ಮೊದಲ ಬಾರಿಗೆ ಧೈರ್ಯ ಮಾಡಿ ಅಳುಮುಖವನ್ನು ಒತ್ತಿ ಬಂದೆನೆಂದು ಮನೆ ಸೇರುವವರೆಗೂ ಬೀಗುತ್ತಿದ್ದರು. ಅವರು ಒತ್ತಿದ್ದು ನಗುಮುಖವನ್ನು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ತಮಗೆ ಸದ್ಯದಲ್ಲೇ ಒಬ್ಬ ತಂಗಿ ಹುಟ್ಟಲಿದ್ದಾಳೆ, ಗೋಡೆಯ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಕೊಡಿ.