ಓನರಮ್ಮನ ಕತೆ ಮುಗಿಸಿದ್ದು

ಹಾಲು ಸೀದಿದ್ದೇ ಎಲ್ಲದಕ್ಕೂ ಕಾರಣ. ಹಾಲು ಸೀಯದಿದ್ದರೆ ಹೊಗೆ ಏಳುತ್ತಿರಲಿಲ್ಲ, ಹೊಗೆ ಏಳದಿದ್ದರೆ ಪಿಯಾನಪ್ಪ ಅಡುಗೆಮನೆಯ ಕಿಟಕಿ ತೆರೆಯುತ್ತಿರಲಿಲ್ಲ, ಕಿಟಕಿ ತೆರೆಯದಿದ್ದರೆ ಸಂಜೆ ಅವನ ಮನೆಗೆ ಪೊಲೀಸರು ಬರುತ್ತಿರಲಿಲ್ಲ.

ಪಿಯಾನಪ್ಪ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ. ಮೂರನೇ ಮಹಡಿಗೆ ಪಿಯಾನೊ ಹತ್ತಿಸಿದ ದಿನ ಮೆಟ್ಟಿಲ ಪಕ್ಕದ ಗೋಡೆಯ ಗಾರೆ ಉದ್ದಕ್ಕೂ ಕಿತ್ತು ಬಂದಿತ್ತು. ಎರಡನೇ ಮಹಡಿಯ ಓನರಮ್ಮ ಬಾಗಿಲಲ್ಲಿ ನಿಂತು, "ಯಾಕಪ್ಪಾ ಪಿಯಾನಪ್ಪ, ಗೋಡೆ ಯಾಕೆ ಬಿಟ್ಟೆ? ಅದನ್ನೂ ಹೊತ್ಕೊಂಡು ಹೋಗು" ಅಂದಿದ್ದರು. ಹೆಸರು ಅಂಟಿಕೊಂಡಿತು. ಈಗ ಅಂಚೆಯವನೂ ಹಾಗೇ ಕೂಗುತ್ತಾನೆ.

ಅವನು ಪಿಯಾನೊ ಮುಂದೆ ಕೂತು ಹಾಡುವ ಹಾಡುಗಾರ. ಮೊದಲನೇ ಆಲ್ಬಮ್ಮಿನ ತುಂಬ ಪ್ರೀತಿಯ ಹಾಡು, ಅದು ರೇಡಿಯೊದಲ್ಲಿ ಚೆನ್ನಾಗಿಯೇ ಓಡಿತು. ಆಮೇಲೆ ಸ್ಟುಡಿಯೊ ಸಾಹೇಬರು ಕರೆಸಿ ಹೇಳಿದರು: "ಮೊದಲನೇದು ಯಾರು ಬೇಕಾದ್ರೂ ಮಾಡ್ತಾರೆ ಕಣ್ರೀ. ಬಂಡವಾಳ ಬಯಲಾಗೋದು ಎರಡನೇದರಲ್ಲಿ. ಈ ಸಲ ಪ್ರೀತಿಗೀತಿ ಬೇಡ. ಕತೆ ಹೇಳೋ ಹಾಡು ಬೇಕು. ಒಂದೊಂದು ಹಾಡಲ್ಲೂ ಒಬ್ಬೊಬ್ಬ ಮನುಷ್ಯ ಕಾಣ್ಬೇಕು. ಚೆನ್ನಾಗಿ ಬಂದ್ರೆ ಕವರಿನ ಮೇಲೆ ದೊಡ್ಡದಾಗಿ ನಿಮ್ಮ ಫೋಟೊ."

ಮೊದಲನೇ ಆಲ್ಬಮ್ಮಿನ ಕವರಿನ ಮೇಲೆ ಇದ್ದದ್ದು ಒಂದು ಗುಲಾಬಿ ಹೂವು. ಅದನ್ನು ನೋಡಿದಾಗಲೆಲ್ಲ ಪಿಯಾನಪ್ಪನಿಗೆ ಹೊಟ್ಟೆ ಉರಿಯುತ್ತಿತ್ತು. ಹಾಡಿದ್ದು ನಾನು, ಮೆರೆದದ್ದು ಹೂವು! ಆ ಫೋಟೊದ ಆಸೆಗೇ ಅವನು ರಾತ್ರಿ ಹಗಲು ಕೂತು ಕತೆಯ ಹಾಡು ಕಟ್ಟಿದ. ಜನರನ್ನು ಹುಡುಕಿಕೊಂಡು ದೂರ ಹೋಗಲಿಲ್ಲ. ಮೆಟ್ಟಿಲು ಇಳಿದರೆ ಸಾಕು, ಬಾಗಿಲಿಗೊಂದು ಕತೆ ಸಿಗುತ್ತಿತ್ತು. ಒಂದೇ ಒಂದು ಚಾಳಿ ಇತ್ತು ಅವನಿಗೆ. ಕೊನೆಯ ಚರಣದಲ್ಲಿ ಯಾರಾದರೂ ಸಾಯದಿದ್ದರೆ ಹಾಡು ಮುಗಿದ ಹಾಗೆ ಅವನಿಗೆ ಅನಿಸುತ್ತಲೇ ಇರಲಿಲ್ಲ.

ಒಂಬತ್ತು ಹಾಡು ಆಯಿತು. ಹತ್ತನೆಯದು ಓನರಮ್ಮನದು. ಅದು ಇವತ್ತು ಸಂಜೆಯೊಳಗೆ ಸಾಹೇಬರ ಕಿವಿಗೆ ಬೀಳದಿದ್ದರೆ ಆಲ್ಬಮ್ಮಿನ ಸರದಿ ಅದೇ ಸ್ಟುಡಿಯೊದ ಗಿಟಾರಿನವನ ಪಾಲು. ಆ ಗಿಟಾರಿನವನ ಫೋಟೊ ಆಗಲೇ ಮೂರು ಕವರಿನ ಮೇಲೆ ಹಲ್ಲು ಕಿರಿಯುತ್ತಿತ್ತು.

ಇದೇ ಚಿಂತೆಯಲ್ಲಿ ಬೆಳಗ್ಗೆ ಹಾಲು ಸೀದುಹೋಯಿತು. ಕಿಟಕಿ ತೆರೆದು ಕೈಯಲ್ಲಿ ಹೊಗೆ ಬೀಸುತ್ತಿದ್ದಾಗ ಸಾಹೇಬರ ಫೋನು.

"ಟೇಲರ್ ಕತೆ ಮೊನ್ನೆನೇ ಮುಗಿಸ್ದೆ ಸಾರ್," ಎಂದ ಪಿಯಾನಪ್ಪ. "ಬಹಳ ಒದ್ದಾಡಿಸಿದ. ಕೊನೇಗೆ ಕತ್ತರಿ ಹಾಕಿದ ಮೇಲೆ ಸರಿಹೋಯ್ತು. ಓನರಮ್ಮಂದು ಒಂದೇ ಬಾಕಿ. ಅಯ್ಯೋ ಇಲ್ಲ ಸಾರ್, ಇವತ್ತು ಬಿಡೋದೇ ಇಲ್ಲ. ಸಂಜೆಯೊಳಗೆ ಅವರ ಕತೆನೂ ಮುಗಿಸಿ ಕಳಿಸ್ಕೊಡ್ತೀನಿ. ಮೇಷ್ಟ್ರಾ? ಅವರನ್ನ ಮುಂದಿನ ಸಲಕ್ಕೆ ಇಟ್ಕೊಂಡಿದ್ದೀನಿ."

ಆ ಕಿಟಕಿಯ ನೇರ ಕೆಳಗೆ, ಒಂದನೇ ಮಹಡಿಯ ಬಾಲ್ಕನಿಯಲ್ಲಿ, ಲೆಕ್ಕದ ಮೇಷ್ಟರ ಹೆಂಡತಿ ಬಟ್ಟೆ ಹರವುತ್ತಿದ್ದರು. ಕಟ್ಟಡದಲ್ಲಿ ಎಲ್ಲರೂ ಅವರನ್ನು ಮೇಷ್ಟರಮ್ಮ ಎನ್ನುತ್ತಾರೆ. ಗಂಡನ ಒದ್ದೆ ಪೈಜಾಮ ಅವರ ಕೈಯಿಂದ ಜಾರಿ ಬೀದಿಗೆ ಬಿತ್ತು. ಎದುರಿನ ಟೇಲರ್ ಅಂಗಡಿಗೆ ಎರಡು ದಿನದಿಂದ ಬೀಗ ಬಿದ್ದಿದ್ದನ್ನು ಅವರು ನೋಡಿದ್ದರು. ಅವರು ನೋಡದೆ ಬಿಟ್ಟದ್ದು ಆ ಬೀದಿಯಲ್ಲಿ ಏನೂ ಇರಲಿಲ್ಲ.

"ಅಯ್ಯಯ್ಯೋ! ರೀ! ಟೇಲರ್ನ ಮುಗಿಸಿಬಿಟ್ಟವ್ನಂತೆ! ಕತ್ತರಿಯಿಂದ! ಸಂಜೆಗೆ ಓನರಮ್ಮ, ಆಮೇಲೆ ನೀವಂತೆ!"

ಮೇಷ್ಟ್ರು ಪೇಪರು ಮಡಿಸಿದರು. "ನಾನ್ಯಾಕೆ ಆಮೇಲೆ?" ಎಂದರು, ಸ್ವಲ್ಪ ಬೇಜಾರಾದ ಹಾಗೆ.

ಇದೊಂದೂ ಪಿಯಾನಪ್ಪನಿಗೆ ಗೊತ್ತಿಲ್ಲ. ಅವನ ತಲೆ ತುಂಬ ಓನರಮ್ಮನ ಕೊನೆಯ ಚರಣ. ಓನರಮ್ಮನ ಸ್ವಭಾವ ಹಾಡಿಗೆ ಹೇಳಿ ಮಾಡಿಸಿದಂಥದ್ದು: ಸೊಂಟದಲ್ಲಿ ಬೀಗದಕೈ ಗೊಂಚಲು, ಕೈಯಲ್ಲಿ ಕೋಲು. ಮಧ್ಯಾಹ್ನ ಮಲಗಿದಾಗ ಮೇಲಿನಿಂದ ಒಂದು ಸ್ವರ ಕೇಳಿದರೂ ಮಂಚದ ಮೇಲೆ ನಿಂತು ಸೂರಿಗೆ ಕೋಲಿನಿಂದ ಕುಟ್ಟುತ್ತಿದ್ದರು. ಎರಡು ಚರಣ ಸರಾಗವಾಗಿ ಬಂದಿತ್ತು. ಆದರೆ ಇಂಥ ಹೆಂಗಸನ್ನು ಸಾಯಿಸುವುದು ಹೇಗೆ? ಎಷ್ಟು ಬರೆದರೂ ಆಕೆ ಸಾಯಲೊಲ್ಲರು. ಹಾಡಿನಲ್ಲೂ ಎದ್ದು ಕೂತು ಬಾಡಿಗೆ ಕೇಳುತ್ತಿದ್ದರು. ಅವರನ್ನೇ ಕೇಳಿಬಿಡೋಣ ಎಂದು ಪಿಯಾನಪ್ಪ ಕೆಳಗಿಳಿದ.

ಅವನಿಗಿಂತ ಮುಂಚೆ ಮೇಷ್ಟರಮ್ಮ ಹೋಗಿ ಬಂದಾಗಿತ್ತು. ಬಾಗಿಲು ಸರಪಳಿ ಹಾಕಿಕೊಂಡೇ ಒಂದು ಗೇಣು ತೆರೆಯಿತು.

"ಏನು?"

"ಏನಿಲ್ಲ ಓನರಮ್ಮ, ಒಂದೇ ಮಾತು," ಎಂದ ಪಿಯಾನಪ್ಪ ತನ್ನ ಅತಿ ಮೃದುವಾದ ದನಿಯಲ್ಲಿ. "ನಿಮ್ಮ ಕೊನೇ ಆಸೆ ಏನು?"

ಬಾಗಿಲು ಮುಚ್ಚಿದ ರಭಸಕ್ಕೆ ಗೋಡೆಯಲ್ಲಿ ಉಳಿದಿದ್ದ ಗಾರೆಯೂ ಉದುರಿತು.

ಪಾಪ, ವಯಸ್ಸಾಯ್ತಲ್ಲ, ಬೇಜಾರಾಗಿರಬೇಕು ಎಂದುಕೊಂಡು ಅವನು ಮೇಲೆ ಬಂದು ಪಿಯಾನೊ ಮುಂದೆ ಕೂತ. ಕೂತು ಜೋರಾಗಿ ಒಂದು ಸಲ ಬಡಿದ. ಟಣ್! ಒಳಗೊಂದು ತಂತಿ ತುಂಡಾಯಿತು. ಗ್ರಹಚಾರ ಬಂದರೆ ಜೊತೆಗೆ ನೆಂಟರನ್ನೂ ಕರೆದುಕೊಂಡೇ ಬರುತ್ತದೆ. ರಿಪೇರಿಯವನನ್ನು ಕರೆಸಲು ಹೊತ್ತಿಲ್ಲ. ಸಂಜೆಯ ಮಟ್ಟಿಗೆ ಸಾಕೆಂದು ಬೀದಿಯ ತುದಿಯ ಹಾರ್ಡ್‌ವೇರ್ ಅಂಗಡಿಗೆ ಓಡಿದ.

"ಗಟ್ಟಿ ತಂತಿ ಬೇಕಪ್ಪ. ಸಣ್ಣಕ್ಕಿರ್ಬೇಕು, ಎಷ್ಟು ಬಿಗಿದ್ರೂ ತುಂಡಾಗ್ಬಾರ್ದು."

"ಯಾವುದಕ್ಕೆ ಸಾರ್?"

"ಓನರಮ್ಮಂಗೆ," ಎಂದ ಪಿಯಾನಪ್ಪ. ಮನಸ್ಸು ಹಾಡಿನಲ್ಲೇ ಇತ್ತು. "ಇವತ್ತು ಅವರ ಕತೆ ಮುಗಿಸ್ಬೇಕು. ಕೊನೇ ಗಳಿಗೇಲಿ ತಂತಿ ಕೈಕೊಟ್ರೆ ಏನು ಗತಿ?"

ಪಕ್ಕದಲ್ಲಿ ಮೇಷ್ಟ್ರು ನಿಂತಿದ್ದರು, ಬಾಗಿಲಿಗೆ ಇನ್ನೊಂದು ಚಿಲಕ ಕೊಳ್ಳಲು ಬಂದವರು. ಚಿಲಕ ಅಲ್ಲೇ ಬಿಟ್ಟು, ಈ ವಯಸ್ಸಿನಲ್ಲಿ ಯಾರೂ ನಿರೀಕ್ಷಿಸದ ವೇಗದಲ್ಲಿ ಪೊಲೀಸ್ ಠಾಣೆಯ ಕಡೆ ಓಡಿದರು.

ಸಂಜೆಯಾಯಿತು. ತಂತಿ ಬಿಗಿದಾಯಿತು. ಕೊನೆಯ ಚರಣ ಮಾತ್ರ ಬರಲಿಲ್ಲ. ಹಾಡ್ತಾ ಹಾಡ್ತಾ ತಾನಾಗೇ ಬರುತ್ತೆ ಎಂಬ ಮೊಂಡು ಧೈರ್ಯದಿಂದ ಪಿಯಾನಪ್ಪ ಸಾಹೇಬರಿಗೆ ಫೋನು ಮಾಡಿದ. "ರೆಕಾರ್ಡ್ ಒತ್ತಿದ್ದೀನಿ, ಶುರು ಮಾಡ್ರಿ," ಎಂದರು ಸಾಹೇಬರು. ಫೋನನ್ನು ಪಿಯಾನೊ ಮೇಲಿಟ್ಟು ಅವನು ಬೆರಳು ಚಾಚಿದ್ದೇ ತಡ, ಬಾಗಿಲು ದಡದಡ ಬಡಿಯಿತು.

ದಫೇದಾರರು ಮುಂದೆ, ಅವರ ಬೆನ್ನಿಗೆ ಮೇಷ್ಟ್ರು, ಮೇಷ್ಟ್ರ ಬೆನ್ನಿಗೆ ಮೇಷ್ಟರಮ್ಮ, ಎಲ್ಲರ ಹಿಂದೆ ಕೋಲು ಎತ್ತಿ ಹಿಡಿದ ಓನರಮ್ಮ.

"ಟೇಲರ್ ಎಲ್ಲಿ?" ಎಂದರು ದಫೇದಾರರು.

"ಅಂಗಡೀಲಿ ಇಲ್ವಾ?"

"ನಾಟಕ ಆಡ್ಬೇಡ! ನೀನೇ ಕತೆ ಮುಗಿಸ್ದೆ ಅಂತ ಬಾಯಿಬಿಟ್ಟಿದ್ದೀಯ!"

"ಹೌದು ಸಾರ್, ಮುಗಿಸ್ದೆ," ಎಂದ ಪಿಯಾನಪ್ಪ. ಮೇಷ್ಟರಮ್ಮ ಕಿಟಾರನೆ ಕಿರುಚಿದರು. ಆಗ ಅವನಿಗೆ ಹೊಳೆಯಿತು. "ಅಯ್ಯೋ ದೇವ್ರೇ! ಅದು ಬರೀ ಹಾಡು ಸಾರ್! ಹಾಡಿನ ಕತೆ! ಕತ್ತರಿ ಹಾಕಿದ್ದು ಸಾಲಿಗೆ!"

"ಮತ್ತೆ ತಂತಿ?"

"ಪಿಯಾನೊದ್ದು!"

ಯಾರೂ ನಂಬಲಿಲ್ಲ. ದಫೇದಾರರು ಪಿಯಾನೊ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿದರು. ಟೇಲರ್ ಅದರಲ್ಲಿ ಇರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ, "ಏನ್ರಪ್ಪಾ, ಯಾಕೆ ಎಲ್ಲಾ ಸೇರಿದ್ದೀರ?" ಎಂಬ ದನಿ. ತಿರುಗಿದರೆ ಟೇಲರ್! ಭಾವಮೈದುನನ ಮನೆಗೆ ಹೋಗಿದ್ದವನು ಈಗಷ್ಟೇ ಬಸ್ಸಿಳಿದು, ಗದ್ದಲ ಕೇಳಿ ಮೇಲೆ ಬಂದಿದ್ದ. ಮೇಷ್ಟರಮ್ಮ ಇನ್ನೊಂದು ಸಲ ಕಿರುಚಿದರು. ಮೇಷ್ಟ್ರು ಮಾತ್ರ ಧೈರ್ಯ ಮಾಡಿ ಟೇಲರ್‌ನ ಭುಜ ಚಿವುಟಿ ನೋಡಿದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಟೇಲರ್‌ಗೆ ಕುತೂಹಲ ಹತ್ತಿತು. "ನನ್ನ ಮೇಲೆ ಹಾಡಾ? ಹಾಡಪ್ಪ, ಕೇಳೋಣ."

ಪಿಯಾನಪ್ಪನಿಗೂ ಹುರುಪು ಬಂತು. ನುಡಿಸುತ್ತಾ ಹಾಡಿದ:

"ಊರಿಗೆಲ್ಲ ಹೊಲಿದವನು, ತನ್ನ ಗುಂಡಿ ಮರೆತವನು,
ಮಿಷನ್ ಮೇಲೆ ತಲೆಯನಿಟ್ಟು ನೂಲು ಮುಗಿದು ಮಲಗಿದನು…"

ಟೇಲರ್ ತನ್ನ ಅಂಗಿಯ ಎದೆ ಮುಟ್ಟಿ ನೋಡಿಕೊಂಡ. ಒಂದು ಗುಂಡಿ ನಿಜಕ್ಕೂ ಇರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

"ಚೆನ್ನಾಗಿದೆ ಕಣಪ್ಪ. ತುಂಬಾ ಚೆನ್ನಾಗಿದೆ. ಆದ್ರೆ ಮಲಗಿದನು ಅಂದ್ರೆ?"

"ಅದೇ… ತೀರ್ಕೊಂಡ ಅಂತ."

"ಸತ್ತೋದ್ನಾ? ಯಾಕೋ ಸಾಯಿಸ್ದೆ ನನ್ನ? ನಿನ್ನ ಪ್ಯಾಂಟು ಸಡಿಲ ಮಾಡಿಕೊಟ್ಟಿದ್ದು ಯಾರೋ?"

"ನೋಡಿದ್ರಾ ಸಾರ್!" ಎಂದು ಮೇಷ್ಟರಮ್ಮ ದಫೇದಾರರ ಕಡೆ ತಿರುಗಿದರು. "ನಾನು ಹೇಳಿದ್ದು ಸುಳ್ಳಾ?"

ಓನರಮ್ಮ ಒಂದು ಹೆಜ್ಜೆ ಮುಂದೆ ಬಂದರು. "ನಂದು ಹಾಡು."

"ಬೇಡಿ ಓನರಮ್ಮ, ಅದಿನ್ನೂ ಅರ್ಧ ಆಗಿದೆ."

"ಹಾಡು ಅಂದೆ."

ಅವನು ಹಾಡಿದ. ಬೀಗದಕೈ ಗೊಂಚಲು ಬಂತು, ಕೋಲು ಬಂತು, ಸೂರು ಕುಟ್ಟಿದ್ದು ಬಂತು. ಅಲ್ಲಿಗೆ ನಿಂತಿತು.

"ಆಮೇಲೆ?"

"ಆಮೇಲೆ ಏನು ಅಂತಾನೇ ಹೊಳೀತಿಲ್ಲ."

"ಇನ್ನೇನು, ಸಾಯಿಸ್ತಾನೆ!" ಎಂದರು ಮೇಷ್ಟರಮ್ಮ.

ಓನರಮ್ಮನ ಮುಖ ಕೆಂಡವಾಯಿತು. ಕೋಲು ಎತ್ತಿ ನೆಲಕ್ಕೆ ಕುಟ್ಟಿದರು. "ಯಾರೋ ಸಾಯೋದು? ಈ ಮನೆ ಕಟ್ಟಿಸ್ದೋಳು ನಾನು! ಈ ಮೆಟ್ಟಿಲು ಹತ್ತೋಳು ನಾನು!" ಒಂದೊಂದು ಮಾತಿಗೆ ಒಂದೊಂದು ಕುಟ್ಟು. "ಗಂಡ ಹೋದ, ಸಾಯಲಿಲ್ಲ! ಸೂರು ಸೋರ್ತು, ಸಾಯಲಿಲ್ಲ! ನಿನ್ನ ಪಿಯಾನೊ ಕೇಳಿ ಕೇಳಿ ಕಿವಿ ಹೋಯ್ತು, ಸಾಯಲಿಲ್ಲ!"

"ಸಾಯಲ್ಲ! ಸಾಯಲ್ಲ!" ಎಂದು ಟೇಲರ್ ಜೊತೆಗೂಡಿದ. ತನ್ನದೂ ಅದೇ ಸಂಕಟವಲ್ಲವೆ! ಮೇಷ್ಟ್ರು, ಮೇಷ್ಟರಮ್ಮ ದನಿ ಸೇರಿಸಿದರು. ದಫೇದಾರರ ಬೂಟು ತಾನಾಗೇ ತಾಳ ಹಾಕಿತು. ಪಿಯಾನಪ್ಪನ ಬೆರಳುಗಳಂತೂ ಯಾರ ಅಪ್ಪಣೆಗೂ ಕಾಯದೆ ಆ ಕುಟ್ಟಿನ ಹಿಂದೆ ಓಡಿದವು. ಅವನು ಜನ್ಮದಲ್ಲೇ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ. ಕೊನೆಯ ಕುಟ್ಟಿಗೆ, ಟಣ್, ಹೊಸ ತಂತಿಯೂ ತುಂಡಾಯಿತು.

ಎಲ್ಲರೂ ಏದುಸಿರು ಬಿಡುತ್ತಾ ನಿಂತರು. ಪಿಯಾನೊ ಮೇಲಿನಿಂದ ಚಪ್ಪಾಳೆ ಕೇಳಿಸಿತು.

ಫೋನು! ಪಿಯಾನಪ್ಪ ಅದನ್ನು ಮರೆತೇಬಿಟ್ಟಿದ್ದ.

"ಭೇಷ್! ಭೇಷ್!" ಎಂದು ಸಾಹೇಬರು ಕೂಗುತ್ತಿದ್ದರು. "ಪೂರ್ತಿ ರೆಕಾರ್ಡ್ ಆಯ್ತು! ಒಂಬತ್ತು ಹಾಡಲ್ಲಿ ಒಂಬತ್ತು ಹೆಣ ಬೀಳಿಸಿ ನಮ್ಮ ಸ್ಟುಡಿಯೊನೇ ಸ್ಮಶಾನ ಮಾಡಿದ್ರಲ್ರೀ. ಇವತ್ತು ಜೀವ ಬಂತು ನೋಡಿ! ಯಾರ್ರೀ ಆ ಕಂಠ?"

"ನಮ್ಮ ಓನರು ಸಾರ್," ಎಂದ ಪಿಯಾನಪ್ಪ. "ಹಾಗಾದ್ರೆ ಆಲ್ಬಮ್ ಗಟ್ಟಿನಾ ಸಾರ್? ಕವರಿನ ಮೇಲೆ ಫೋಟೊ?"

"ಇಲ್ದೆ ಏನು! ದೊಡ್ಡ ಫೋಟೊ! ಕೋಲು ಹಿಡ್ಕೊಂಡು ಅಮ್ಮಾವ್ರು ಮೆಟ್ಟಿಲ ಮೇಲೆ ನಿಂತಿರೋದು. ಮಿಕ್ಕ ಒಂಬತ್ತನ್ನೂ ಅವರೇ ಹಾಡ್ಲಿ, ಯಾರೂ ಸಾಯೋದು ಬೇಡ. ನೀವು ಹಿಂದೆ ಕೂತು ನುಡಿಸ್ತಾ ಇರಿ. ಫೋನು ಅವರಿಗೆ ಕೊಡಿ."

ಪಿಯಾನಪ್ಪನಿಗೆ ಆ ಗುಲಾಬಿ ಹೂವು ನೆನಪಾಯಿತು. ಅದೇ ವಾಸಿಯಿತ್ತು, ಅದು ಬಾಡಿಗೆ ಕೇಳುತ್ತಿರಲಿಲ್ಲ. ಸಂಕಟಪಡುತ್ತಾ ಫೋನು ಕೊಟ್ಟ.

ಓನರಮ್ಮ ಸೆರಗು ಸರಿಮಾಡಿಕೊಂಡು ಮಾತಾಡಿದರು. ಮಾತಾಡುತ್ತಾ ಮಾತಾಡುತ್ತಾ ಅವರ ಬೆನ್ನು ನೆಟ್ಟಗಾಯಿತು. ಅಷ್ಟು ಹೊತ್ತಿಗೆ ಮೇಷ್ಟರಮ್ಮ ಎಲ್ಲರಿಗೂ ಟೀ ತಂದಿದ್ದರು. ಮೇಷ್ಟ್ರು ತಮ್ಮ ಹಾಡು ಯಾವಾಗ ಎಂದು ವಿಚಾರಿಸುತ್ತಿದ್ದರು. ಟೇಲರ್ ತನ್ನ ಗುಂಡಿ ಹೊಲಿದುಕೊಳ್ಳುತ್ತಿದ್ದ.

"ಪ್ರಾಕ್ಟೀಸಾ? ಅದೇನು ಮಹಾ," ಎನ್ನುತ್ತಿದ್ದರು ಓನರಮ್ಮ. "ಬೆಳಗಿನ ಜಾವ ನಾನು ಕೆಳಗಿಂದ ಕೋಲಲ್ಲಿ ಕುಟ್ಟಿದ ತಕ್ಷಣ ಇವನು ಎದ್ದು ನುಡಿಸ್ಬೇಕು, ಅಷ್ಟೇ. ಏನಂದ್ರಿ? ಮೂರನೇ ಆಲ್ಬಮ್ಮಾ? ಪಿಯಾನಪ್ಪನ ಮೇಲಾ? ಓಹೋ, ಧಾರಾಳವಾಗಿ! ಮುಂದಿನ ತಿಂಗಳೊಳಗೆ ಇವನ ಕತೆ ನಾನೇ ಮುಗಿಸ್ತೀನಿ, ನೀವು ಯೋಚ್ನೆ ಮಾಡ್ಬೇಡಿ."

ಪಿಯಾನಪ್ಪ ಗಾಬರಿಯಿಂದ ದಫೇದಾರರ ತೋಳು ಹಿಡಿದುಕೊಂಡ. "ಸಾರ್! ಕೇಳಿಸ್ಕೊಂಡ್ರಾ ಸಾರ್?"

ದಫೇದಾರರು ಟೀ ಸೊರ್ರನೆ ಹೀರಿ ಕಪ್ಪು ಕೆಳಗಿಟ್ಟರು.

"ಅದು ಬರೀ ಹಾಡು ಕಣಯ್ಯ," ಎಂದರು.