ಶೀಲಾಳ ಫೋಟೋ ದೊಡ್ಡದಾಯಿತು

ಹುಲಿಗೇಶ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಹೊರಗೆ ಅವನ ಮಾತಿಗೆ ತೂಕವಿತ್ತು. ಮನೆಯಲ್ಲಿ ಮಾತ್ರ ಕುಕ್ಕರಿನ ಸೀಟಿಗಿದ್ದಷ್ಟು ಬೆಲೆಯೂ ಇರಲಿಲ್ಲ. (ಸೀಟಿ ಕೂಗಿದರೆ ಹೆಂಡತಿ ಎದ್ದಾದರೂ ಹೋಗುತ್ತಿದ್ದಳು.) ಒಮ್ಮೆಯಾದರೂ ಅತ್ತೆಯ ಮುಂದೆ ತನ್ನ ವಿದ್ಯೆ ತೋರಿಸಬೇಕೆಂಬುದು ಅವನ ಬಹುಕಾಲದ ಆಸೆ.

ಹೆಂಡತಿ ಅರುಣಾ ಮನೆಯಿಂದಲೇ ವಧು-ವರರ ವೆಬ್‌ಸೈಟು ನಡೆಸುತ್ತಿದ್ದಳು. ಆ ಭಾನುವಾರ ಅತ್ತೆ ಜಯವ್ವ ಮೇಡ್ಲೇರಿಯಿಂದ ಕಿರಿಮಗಳು ಶೀಲಾಳನ್ನು ಕರೆದುಕೊಂಡು ಬಂದಳು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಬೀರಲಿಂಗಪ್ಪ ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ಫೋನಿನಿಂದ ಫೋನಿಗೆ ಮಗಳ ಫೋಟೋ ಓಡಾಡುವುದು ಜಯವ್ವನಿಗೆ ಸರಿಬರುತ್ತಿರಲಿಲ್ಲ. ಹೀಗಾಗಿ ಎರಡೂ ಕಡೆಯವರು ಫೋಟೋ ಸೈಟಿಗೇ ಹಾಕುವುದು, ಊಟದ ಹೊತ್ತಿಗೆ ನೋಡಿ ಮಾತಾಡುವುದು ಎಂದು ನಿಗದಿಯಾಗಿತ್ತು.

ಅರುಣಾ ಶೀಲಾಳ ಫೋಟೋ ಹಾಕಿ ಗುಂಡಿ ಒತ್ತಿದಳು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: “ನಿಮ್ಮ ಚಿತ್ರ ತುಂಬಾ ದೊಡ್ಡದಾಗಿದೆ.”

ಜಯವ್ವ ಅಕ್ಷರ ಕೂಡಿಸಿ ಓದಿದಳು. ಶೀಲಾ ಮೈಕೈ ತುಂಬಿಕೊಂಡ ಹುಡುಗಿ. ಹಿಂದಿನ ಸಂಬಂಧ ಅದೇ ಕಾರಣಕ್ಕೆ ತಪ್ಪಿತ್ತು.

“ಇದಕ್ಕೂ ಗೊತ್ತಾತೇನವ್ವಾ?” ಎಂದಳು ಸಣ್ಣ ದನಿಯಲ್ಲಿ.

“ಯವ್ವಾ, ಅದು ಶೀಲಾಗ ಹೇಳಿದ್ದಲ್ಲ, ಫೈಲಿಗೆ ಹೇಳಿದ್ದು. ಸಣ್ಣದು ಮಾಡಿ ಹಾಕ್ತೇನಿ ತಡಿ,” ಎಂದಳು ಅರುಣಾ.

ಹುಲಿಗೇಶನಿಗೆ ಸುವರ್ಣಾವಕಾಶ ಕಂಡಿತು. “ಸಣ್ಣದು ಯಾಕ ಮಾಡ್ತಿ? ಸೈಟಿನ ಮಿತೀನ ದೊಡ್ಡದು ಮಾಡ್ತೇನಿ. ನಮ್ಮ ಶೀಲಾ ಯಾರ ಸಲುವಾಗಿನೂ ಸಣ್ಣಾಕಿ ಆಗೋದು ಬ್ಯಾಡ.”

ಜಯವ್ವನ ಕಣ್ಣು ತೇವವಾದವು. ಇಂಥ ಅಳಿಯನನ್ನು ಇಷ್ಟು ದಿನ ತಾನೇ ತಿಳಿದುಕೊಳ್ಳಲಿಲ್ಲವಲ್ಲ ಎಂದುಕೊಂಡಳು.

ಸೈಟು ಪಿಎಚ್‌ಪಿ ಭಾಷೆಯಲ್ಲಿತ್ತು. ಎಷ್ಟು ದೊಡ್ಡ ಫೋಟೋ ಒಳಗೆ ಬಿಡಬೇಕೆಂಬುದು ಅದರ ಸೆಟ್ಟಿಂಗ್ ಫೈಲಿನಲ್ಲಿ ಬರೆದಿರುತ್ತದೆ. ಹುಲಿಗೇಶ ಆ ಫೈಲು ತೆಗೆದು, ಮಿತಿ ಏರಿಸಿ, ಗತ್ತಿನಿಂದ ಸೇವ್ ಮಾಡಿದ. ಕೆಂಪಕ್ಷರ. ಸರ್ವರ್ ನಿಲ್ಲಿಸಿ ಚಾಲೂ ಮಾಡಿದ. ಮತ್ತೆ ಕೆಂಪಕ್ಷರ.

“ಅಂಥ ಫೈಲು ಒಂದಕ್ಕಿಂತ ಹೆಚ್ಚಿಗಿ ಇರ್ತಾವ್ರಿ,” ಎಂದಳು ಅರುಣಾ. “ಸೈಟು ಯಾವುದನ್ನ ಓದಾಕತ್ತೈತಿ ನೋಡ್ರಿ ಮೊದಲ. ಮಾಹಿತಿ ಪುಟ ತೆಗೆದ್ರ ಅದ ಹೇಳತೈತಿ.”

“ಇದನ್ನ ನಾ ಪಾಠ ಮಾಡ್ತೇನಿ, ಅರುಣಾ.”

ಅವಳು ಚಹಾಕ್ಕಿಡಲು ಒಳಗೆ ಹೋದಳು. ಇವನು ಕಳ್ಳನಂತೆ ಮಾಹಿತಿ ಪುಟ ತೆಗೆದು ನೋಡಿದ. ಇಷ್ಟು ಹೊತ್ತು ತಿದ್ದಿದ ಫೈಲನ್ನು ಸೈಟು ಮೂಸಿಯೂ ನೋಡುತ್ತಿರಲಿಲ್ಲ. ಓದುತ್ತಿದ್ದುದು ಬೇರೆಯದನ್ನು. ಅವಸರದಲ್ಲಿ ಅದನ್ನು ತೆರೆದು, ಇಪ್ಪತ್ತು ಎಂದು ಬರೆದು, ಮುಂದೆ ಮೆಗಾಬೈಟಿನ ‘ಎಂ’ ‘ಬಿ’ ಎರಡೂ ಅಕ್ಷರ ಕೂಡಿಸಿ, ಸರ್ವರ್ ಮತ್ತೆ ಚಾಲೂ ಮಾಡಿ ಎಲ್ಲರನ್ನೂ ಕರೆದ.

“ಇನ್ನ ಆನೀ ಫೋಟೋ ಹಾಕಿದ್ರೂ ಹೋಗತೈತಿ.”

(ಆನೆಯ ಹೆಸರು ಎತ್ತಬಾರದಿತ್ತು.) ಶೀಲಾ ತಲೆ ತಗ್ಗಿಸಿದಳು. ಅರುಣಾ ಗುಂಡಿ ಒತ್ತಿದಳು. ಅದೇ ಕೆಂಪಕ್ಷರ.

ಹುಲಿಗೇಶ ಮಾನ ಉಳಿಸಿಕೊಳ್ಳುವ ಭರದಲ್ಲಿ ಬಾಯಿಗೆ ಬಂದದ್ದು ಆಡಿಬಿಟ್ಟ: “ಸೆಟ್ಟಿಂಗ್ ಬರೋಬ್ಬರಿ ಐತಿ. ತಪ್ಪು ಏನಿದ್ರೂ ಶೀಲಾನ ಫೋಟೋದಾಗ ಐತಿ.”

ಶೀಲಾ ಎದ್ದು ಹಿತ್ತಲಿಗೆ ಹೋದಳು. ಜಯವ್ವ ಅಳಿಯನನ್ನು ನೋಡಿದ ನೋಟ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಅಷ್ಟರಲ್ಲಿ ಬೀರಲಿಂಗಪ್ಪನವರ ಫೋನು ಬಂತು. ಅರುಣಾ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಚ್ಚಿದಳು.

“ಏನ್ರೀ ತಂಗಿ, ನಮ್ಮ ಹುಡುಗ ಒಣಗಿದ ಮೆಣಸಿನಕಾಯಿ ಇದ್ದಂಗ ಅದಾನ. ಸಣ್ಣ ಫೋಟೋ ಹಾಕಿದ್ರೂ ದೊಡ್ಡದಾತು ಅನ್ನಾಕತ್ತೈತಲ್ರಿ?”

ಅರುಣಾ ಗಂಡನನ್ನು ಸರಿಸಿ ಮಾಹಿತಿ ಪುಟ ತೆಗೆದಳು. “ಎಂ ಒಂದ ಸಾಕಿತ್ರಿ. ನೀವು ಬಿ ಸೇರಿಸಿದ್ದಕ್ಕ ಅದು ತಿಳೀದ, ಇಪ್ಪತ್ತ ಬೈಟ್ ಅಂತ ಹಿಡಕೊಂಡೈತಿ.”

“ಅಂದ್ರ?” ಎಂದಳು ಜಯವ್ವ.

“ಅಂದ್ರ ಫೋಟೋ ದೂರ ಉಳೀತು. ಶೀಲಾ ಅಂತ ಹೆಸರು ಬರೆಯೂದ್ರಾಗ ತುಂಬಿಹೋಗತೈತಿ.”

ಹುಲಿಗೇಶ ಹಿತ್ತಲಿಗೆ ಹೋದ. ಶೀಲಾ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವವನು ಅಲ್ಲಿ ಎರಡೇ ಮಾತು ಹೇಳಿದ.

“ತಪ್ಪು ನಂದವ್ವಾ. ಫೋಟೋದ್ದೂ ಅಲ್ಲ, ನಿಂದೂ ಅಲ್ಲ.”

“ಇರ್ಲಿ ಬಿಡ್ರಿ ಮಾಮಾ,” ಎಂದಳು, ಅವನತ್ತ ನೋಡದೆ. ಆ ‘ಇರ್ಲಿ’ ಅವನಿಗೆ ಚುಚ್ಚಿತು.

ಅವನು ಒಳಗೆ ಬರುವಷ್ಟರಲ್ಲಿ ಅರುಣಾ ಒಂದಕ್ಷರ ಅಳಿಸಿ, ಸರ್ವರ್ ಚಾಲೂ ಮಾಡಿ, ಫೋಟೋ ಹಾಕಿಯಾಗಿತ್ತು. ಪರದೆಯ ತುಂಬ ಶೀಲಾ ನಗುತ್ತಿದ್ದಳು. ಊಟದ ಹೊತ್ತಿಗೆ ಬೀರಲಿಂಗಪ್ಪ ಮತ್ತೆ ಫೋನು ಮಾಡಿದರು; ಅರುಣಾ ಸ್ಪೀಕರ್ ಹಚ್ಚಿ ತಾಯಿಯ ಕೈಗೆ ಕೊಟ್ಟಳು.

“ಹುಡುಗಿ ನಮಗೆಲ್ಲಾ ಮನಸಿಗೆ ಬಂದಾಳ. ಹುಡುಗನ್ನ ಕರ್ಕೊಂಡು ಬರ್ತೇವಿ. ಅಂದಂಗ, ನಿಮ್ಮ ದೊಡ್ಡ ಅಳಿಯಂದ್ರು ಏನು ಮಾಡ್ಕೊಂಡದಾರ್ರಿ?”

ಹುಲಿಗೇಶ ಅಂಗಿ ಸರಿಪಡಿಸಿಕೊಂಡು ನೆಟ್ಟಗೆ ಕುಳಿತ. ಜಯವ್ವ ಅವನನ್ನು ಒಮ್ಮೆ ನೋಡಿದಳು. ಮನೆಯ ಮಾನ ಹೋಗಬಾರದೆಂದು ಮೆತ್ತಗೆ ಹೇಳಿದಳು:

“ಕಂಪ್ಯೂಟರ್ ಕಲಿಯಾಕತ್ತಾರ್ರಿ.”