ಮಾವನವರ ಕೆಂಪು ಅಂಕಿಯ ವಾಚು

ಹಳೆಯ ಎಲ್‌ಇಡಿ ವಾಚುಗಳನ್ನು ರಿಪೇರಿ ಮಾಡುವುದರಲ್ಲಿ ರೋಣ ತಾಲ್ಲೂಕಿನಲ್ಲಿ ನನಗೆ ಸರಿಸಾಟಿ ಯಾರೂ ಇಲ್ಲ. ಇದು ಜಂಬದ ಮಾತಲ್ಲ. ರೋಣ ತಾಲ್ಲೂಕಿನಲ್ಲಿ ಈ ಕೆಲಸ ಮಾಡುವ ಇನ್ನೊಬ್ಬನೇ ಇಲ್ಲ!

ಈಗಿನವರಿಗೆ ಈ ವಾಚು ಗೊತ್ತಿರಲಿಕ್ಕಿಲ್ಲ. ಒಂದು ಕಾಲದಲ್ಲಿ ಮುಂಬೈಯಿಂದಲೋ ದುಬೈಯಿಂದಲೋ ಊರಿಗೆ ಬಂದವರ ಕೈಯಲ್ಲಿ ಇದು ಇರುತ್ತಿತ್ತು. ಮುಳ್ಳಿಲ್ಲ, ಕೀಲಿ ಕೊಡುವಂತಿಲ್ಲ. ಕಡುಗೆಂಪು ಗಾಜು, ಸುಮ್ಮನೆ ನೋಡಿದರೆ ಒಳಗೆ ಬರೀ ಕತ್ತಲೆ. ಪಕ್ಕದ ಗುಂಡಿ ಒತ್ತಿದರೆ ಕೆಂಪು ಅಂಕಿಗಳು ಒಂದು ಕ್ಷಣ ಉರಿದು ಆರಿಹೋಗುತ್ತವೆ. ಬಿಸಿಲಿನಲ್ಲಿ ಅದೂ ಕಾಣುವುದಿಲ್ಲ, ಮೇಲೆ ಏನಾದರೂ ಮರೆ ಮಾಡಬೇಕು. ಒಟ್ಟಿನಲ್ಲಿ ಹೊತ್ತೆಷ್ಟಾಯಿತು ಎಂದು ನೋಡಲು ಎರಡು ಕೈಯೂ ಬೇಕು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಡಿ. ನಾನು ನೆನಪಿಡಲಿಲ್ಲ.

ನಾನು ರೋಣದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಬಿ.ಎಸ್ಸಿ.ಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದಕ್ಕೆ ಏನಾದರೂ ಉಪಯೋಗವಿರಲಿ ಎಂದು ಈ ಹವ್ಯಾಸ ಹಚ್ಚಿಕೊಂಡಿದ್ದೆ. ನನ್ನ ಹೆಂಡತಿ ಶಾಂತಾಳಿಗೆ ಇದರ ಮಹತ್ವ ತಿಳಿಯುತ್ತಿರಲಿಲ್ಲ.

"ಗ್ವಾಡಿ ಮ್ಯಾಲ ಗಡಿಯಾರ ಐತಿ, ಕಿಸೇದಾಗ ಮೊಬೈಲ್ ಐತಿ. ಸತ್ತ ವಾಚ್ ಎಬ್ಬಿಸಿ ಏನ್ ಮಾಡ್ತೀರಿ?"

"ಇದು ಪುನರುಜ್ಜೀವನ, ಶಾಂತಾ."

"ಮೊದಲ ನಮ್ಮ ಮಿಕ್ಸರ್ ಪುನರುಜ್ಜೀವನ ಮಾಡ್ರಿ. ಅದನ್ನ ಬಿಚ್ಚಿದವ್ರೂ ನೀವ!"

ಹೀಗಿರುವಾಗ ಗಜೇಂದ್ರಗಡದಿಂದ ನಮ್ಮ ಮಾವನವರು ಬಂದರು. ಜೀವನವಿಡೀ ಮಗ್ಗದಲ್ಲಿ ಸೀರೆ ನೇಯ್ದವರು. ಅವರ ಕಿರಿಯ ಮಗಳು ಸವಿತಾಳಿಗೆ ಕೊಣ್ಣೂರಿನಾಚೆ ಹೊಳೆ ದಾಟಿ ಒಂದು ಹಳ್ಳಿಯಲ್ಲಿ ಸಂಬಂಧ ಕೂಡಿಬಂದಿತ್ತು. ಹುಡುಗ ಒಳ್ಳೆಯವನು, ಸವಿತಾಳಿಗೂ ಮನಸ್ಸಿತ್ತು. ಕಷ್ಟವೆಲ್ಲ ಹುಡುಗನ ತಂದೆಯದು. ರೈಲ್ವೆಯಲ್ಲಿದ್ದು ನಿವೃತ್ತರಾದವರು. ರೈಲು ತಡವಾಗಿ ಬಂದರೂ ತಾವು ತಡವಾಗಿ ಬಂದವರಲ್ಲ. ಹಿಂದಿನ ಸಲ ಬೆಳಗಿನ ಮಾತುಕತೆಗೆ ಮಾವನವರು ಊಟದ ಹೊತ್ತಿಗೆ ಹೋಗಿ ಇಳಿದಿದ್ದರು. ಆಗ ಹುಡುಗನ ತಂದೆ ಹೇಳಿ ಕಳಿಸಿದ ಮಾತು ಒಂದೇ: "ಮುಂದಿನ ಶುಕ್ರವಾರ ಹತ್ತೂವರಿಗೆ ರಾಹುಕಾಲ, ಅದಕ್ಕಿಂತ ಮೊದಲ ಬಂದು ಮಾತು ಕೊಡ್ರಿ. ತಡ ಆತಂದ್ರ ಇಲ್ಲಿಗೇ ಬಿಡೂಣು."

ಅದಕ್ಕೇ ಮಾವನವರು ಟ್ರಂಕಿನ ತಳದಿಂದ ಒಂದು ಎಲ್‌ಇಡಿ ವಾಚು ತಂದಿದ್ದರು. ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತಿತ್ತು.

"ಮುಂಬೈದಾಗಿದ್ದ ನಮ್ಮ ತಮ್ಮ ಕೊಟ್ಟದ್ರಿ ಇದು. ಅಂವ ಹೋಗಿ ಭಾಳ ವರ್ಸ ಆತು. ಇದೊಂದ್ ಚಾಲೂ ಮಾಡಿಕೊಡ್ರಿ ಅಳಿಯಾರ. ಆ ರೈಲ್ವೆ ಬೀಗರ ಮುಂದ ಗುಂಡಿ ಒತ್ತಿ ಟೈಮ್ ತೋರಸ್ತೀನಿ!"

ನಾನು ವಾಚನ್ನು ಎರಡೂ ಕೈಗಳಿಂದ ಸ್ವೀಕರಿಸಿದೆ.

ಹಿಂಬದಿಯ ಮುಚ್ಚಳ ಬಿಚ್ಚಿದರೆ ಒಳಗೆ ಬ್ಯಾಟರಿ ಸೋರಿ ಹಸಿರು ಕಿಲುಬು. ಲಿಂಬೆಹಣ್ಣಿನ ರಸದಲ್ಲಿ ಅದ್ದಿದ ಕಿವಿ ಬಡ್ಸಿನಿಂದ ಒರೆಸಿದೆ. ಬಿಟ್ಟುಹೋಗಿದ್ದ ಒಂದು ಬೆಸುಗೆಯನ್ನು ಉಸಿರು ಬಿಗಿಹಿಡಿದು ಕೂಡಿಸಿದೆ. ಎಲ್ಲ ಶಾಸ್ತ್ರೋಕ್ತವಾಗಿ ನಡೆದಿತ್ತು. ಆಗ ಗುಂಡಿಯ ಕೆಳಗಿನ ಸ್ಪ್ರಿಂಗು ಚಿಟ್ಟನೆ ಹಾರಿತು. ಹಾರಿದ್ದು ಎಲ್ಲಿಗೆ? ಅಲ್ಲೇ ಕೂತು ಶಾಂತಾ ನಾದುತ್ತಿದ್ದ ಜೋಳದ ಹಿಟ್ಟಿಗೆ!

"ಶಾಂತಾ, ಆ ಹಿಟ್ಟು ಒಂಚೂರು ಸೋಸಬೇಕಿತ್ತು."

"ನಾದಿದ ಹಿಟ್ಟು ಹ್ಯಾಂಗ್ರೀ ಸೋಸೂದು? ಇವತ್ತ ಎಲ್ಲಾರೂ ನೋಡಿ ಕಡೀರಿ, ಅಷ್ಟ!"

ಎಲ್ಲರೂ ನೋಡಿಯೇ ಕಡಿದೆವು. ಸ್ಪ್ರಿಂಗು ಸಿಗಲಿಲ್ಲ. ಯಾರ ಹೊಟ್ಟೆ ಸೇರಿತೋ ಇವತ್ತಿಗೂ ತಿಳಿದಿಲ್ಲ. ನಾನು ಎದೆಗುಂದದೆ ಬಾಲ್‌ಪೆನ್ನಿನ ಸ್ಪ್ರಿಂಗನ್ನು ಕತ್ತರಿಸಿ ಕೂರಿಸಿದೆ. ಹೊಸ ಬ್ಯಾಟರಿ ಹಾಕಿ ಗುಂಡಿ ಒತ್ತಿದರೆ, ಆಹಾ, ದೀಪದ ಹಾಗೆ ಕೆಂಪು ಅಂಕಿಗಳು! ಒಂದೇ ಕುಂದು. ಆ ಸ್ಪ್ರಿಂಗು ಭಾರೀ ಬಿರುಸು. ಇಡೀ ಹೆಬ್ಬೆರಳು ಊರಿ, ಹಲ್ಲು ಕಚ್ಚಿ ಒತ್ತಬೇಕಿತ್ತು.

ಮಾವನವರು ಒತ್ತಿ ನೋಡಿ ಕಣ್ಣೊರೆಸಿಕೊಂಡರು. "ಬಿರಸ ಇದ್ರ ಇರಲಿ ಬಿಡ್ರಿ. ಮಗ್ಗ ಎಳದ ಕೈರಿ ಇವು."

ಶುಕ್ರವಾರ ಬೆಳಿಗ್ಗೆ ಶಾಂತಾ, ಸವಿತಾ, ಹೆಂಗಸರೆಲ್ಲ ಬಾಡಿಗೆಯ ಟ್ರ್ಯಾಕ್ಸ್ ಗಾಡಿಯಲ್ಲಿ ಮುಂದೆ ಹೋದರು. ಅದರಲ್ಲಿ ನನಗೆ ಜಾಗವಿರಲಿಲ್ಲ. ಮಾವನವರು ತಮ್ಮ ಹಳೆಯ ಬೈಕಿನಲ್ಲಿ ಹೊರಟರು, ನಾನು ಹಿಂದೆ ಕೂತೆ. ನನಗೆ ಗಾಡಿ ಹೊಡೆಯಲು ಬರುವುದಿಲ್ಲ. ಹೇಗೆ ಹೊಡೆಯಬೇಕೆಂದು ಪಾಠ ಮಾಡಲು ಬರುತ್ತದೆ.

ನರಗುಂದದಲ್ಲಿ ಚಹಾಕ್ಕೆ ನಿಂತೆವು. ಅಲ್ಲಿ ಯಾರೋ ಒಬ್ಬರು ವಾಚು ನೋಡಿ, "ಇದೇನ್ರೀ ಯಜಮಾನ್ರ, ನಡಿಯಂಗಿಲ್ಲೇನು?" ಎಂದುಬಿಟ್ಟರು. ಮಾವನವರು ಹೆಗಲ ಮೇಲಿನ ಟವಲ್ಲನ್ನು ತಲೆಯ ಮೇಲೆ ಎಳೆದುಕೊಂಡು, ಕೈಯನ್ನು ಒಳಗೆ ಸೇರಿಸಿಕೊಂಡು, ಅವರನ್ನೂ ಒಳಗೆ ಕರೆದರು. ಒಬ್ಬೊಬ್ಬರಾಗಿ ಅಂಗಡಿಯವರೆಲ್ಲ ಟವಲ್ಲಿನೊಳಗೆ ತಲೆ ಹಾಕಿ ಬಂದರು. "ನಮ್ಮ ಅಳಿಯಾರು ಮಾಡಿದ್ದ್ರಿ!" ಎಂದು ಮಾವನವರು ಎಲ್ಲರಿಗೂ ಹೇಳಿದರು. ನಾನೂ ತಡೆಯಲಿಲ್ಲ. ಹೊಗಳಿಸಿಕೊಳ್ಳುವವನು ಹೊತ್ತು ನೋಡುತ್ತಾನೆಯೇ?

ಅಲ್ಲಿಂದ ಮಾವನವರು ಗಾಡಿಯನ್ನು ಜೋರಾಗಿ ಬಿಟ್ಟರು. ಕೊಣ್ಣೂರು ಬಂತು, ಸೇತುವೆ ಬಂತು. ಆ ವರ್ಷ ಒಳ್ಳೆ ಮಳೆಯಾಗಿ ಕೆಳಗೆ ಮಲಪ್ರಭೆ ಕೆಂಪಗೆ, ದಂಡೆ ಮುಟ್ಟಿ ಹರಿಯುತ್ತಿತ್ತು. ಎದುರಿಗೆ ಉಳ್ಳಾಗಡ್ಡಿ ತುಂಬಿದ ಲಾರಿಯೊಂದು ಸೇತುವೆಯ ಆ ತುದಿಗೆ ಹತ್ತುತ್ತಿತ್ತು. ಆಗ ನಾನು ಕೇಳಿದೆ:

"ಮಾವಾರ, ಟೈಮ್ ಎಷ್ಟಾತ್ರಿ?"

ಈ ಪ್ರಶ್ನೆಯನ್ನು ನಾನು ಯಾಕೆ ಕೇಳಿದೆ? ನನ್ನ ಎಡಗೈಯಲ್ಲೇ ಮುಳ್ಳಿನ ವಾಚಿತ್ತು! ನನಗೆ ಬೇಕಾಗಿದ್ದದ್ದು ಟೈಮಲ್ಲ. ನಾನು ರಿಪೇರಿ ಮಾಡಿದ ವಾಚು ಹೇಳುವ ಟೈಮು.

"ತಡೀರಿ, ನೋಡ್ತೀನಿ" ಎಂದರು ಮಾವನವರು. ಎಂದವರೇ ಹ್ಯಾಂಡಲ್ ಬಿಟ್ಟರು. ಒಂದು ಕೈಯಲ್ಲ, ಎರಡೂ ಕೈ! ಎಡಗೈ ಮೇಲೆದ್ದಿತು. ಬಲಗೈ ಟವಲ್ಲನ್ನು ತಲೆಯ ಮೇಲೆ ಎಳೆದುಕೊಂಡಿತು. ಮಾವನವರು ಸಂಪೂರ್ಣವಾಗಿ ಟವಲ್ಲಿನೊಳಗೆ ಹೋದರು. ಸೇತುವೆಯ ಮೇಲೆ ಈಗ ಒಂದು ಬೈಕು, ಒಂದು ಟವಲ್ಲು ಮತ್ತು ನಾನು.

ಆಮೇಲಿನದು ನನಗೆ ಇವತ್ತಿಗೂ ಒಂದೊಂದಾಗಿ ಕಾಣುತ್ತದೆ. ಲಾರಿಯ ಮುಂಭಾಗ ದೊಡ್ಡದಾಗುತ್ತ ಬಂದದ್ದು. ಡ್ರೈವರನ ತೆರೆದ ಬಾಯಿ. ನಮ್ಮ ಮುಂದಿನ ಗಾಲಿ ತನ್ನಿಷ್ಟದಂತೆ ಅತ್ತಿತ್ತ ನೋಡಿದ್ದು. ನಾನು ಮಾವನವರ ಕಂಕುಳ ಕೆಳಗಿಂದ ಎರಡೂ ಕೈ ತೂರಿಸಿ ಹ್ಯಾಂಡಲ್ ಹಿಡಿದೆ. ಬ್ರೇಕ್ ಎಂದುಕೊಂಡು ಒತ್ತಿದ್ದು ಹಾರ್ನ್! ಬೈಕು ಕೂಗುತ್ತ ಕೂಗುತ್ತ ಸೇತುವೆಯ ಅಂಚಿನ ಕಲ್ಲಿಗೆ ಸವರಿತು. ನನ್ನ ಎಡಗಾಲಿನ ಚಪ್ಪಲಿ ಕಿತ್ತು ಹೊಳೆಗೆ ಹೋಯಿತು. ಮುಂದಿನ ಕಲ್ಲಿಗೆ ಒರಗಿ ಗಾಡಿ ನಿಂತಿತು. ಲಾರಿ ನನ್ನ ಮೊಣಕಾಲಿಗೆ ಗಾಳಿ ಹಾಕಿ ಮುಂದೆ ಹೋಯಿತು. ಅದರ ಹಿಂದೆ ಉಳ್ಳಾಗಡ್ಡಿಯ ವಾಸನೆ ಮತ್ತು ಡ್ರೈವರನ ಬೈಗುಳ.

ಟವಲ್ಲಿನೊಳಗಿಂದ ಮಾವನವರ ಶಾಂತವಾದ ದನಿ ಬಂತು:

"ಒಂಬತ್ತೂ ಐವತ್ತ... ಹೋತ್ ನೋಡ್ರಿ, ಆರಿಬಿಡ್ತು. ಇನ್ನೊಮ್ಮಿ ಒತ್ತಲೇನು?"

"ಬ್ಯಾಡ್ರೀ!" ಎಂದು ನಾನು ಕೂಗಿದ್ದು ನರಗುಂದಕ್ಕೂ ಕೇಳಿಸಿರಬೇಕು.

ಅವರು ಹೊರಗೆ ಬಂದು, ಕಲ್ಲು ನೋಡಿ, ಹೊಳೆ ನೋಡಿ, ನನ್ನ ಬರಿಗಾಲು ನೋಡಿ ಟವಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. "ಇದನ್ನ ಬೀಗರ ಮುಂದ ಹೇಳಬ್ಯಾಡ್ರಿ ಅಳಿಯಾರ" ಎಂದರು. "ಮುಪ್ಪಿನ ಕಾಲಕ್ಕ ಕೈ ಬಿಟ್ಟು ಗಾಡಿ ಹೊಡೀತಾನ ಅಂದ್ರ ಆ ಮನಷ್ಯಾ ನಮ್ಮ ಹೆಣ್ಣು ತಗೊಂತಾನೇನು?"

ನಾನು ಒಪ್ಪಿದೆ.

ರಾಹುಕಾಲಕ್ಕೆ ಮೊದಲೇ ತಲುಪಿದೆವು. ಮಾವನವರು ಪಡಸಾಲೆಯಲ್ಲಿ ಗುಂಡಿ ಒತ್ತಿ ತೋರಿಸಿದರು. ರೈಲ್ವೆ ಬೀಗರು ತಮ್ಮ ವಾಚಿಗೆ ಹೋಲಿಸಿ ನೋಡಿ, "ಕರೆಕ್ಟ್ ಐತಿ" ಎಂದು ನಕ್ಕರು. ಎಲ್ಲ ಸುಸೂತ್ರ. ಅಷ್ಟರಲ್ಲಿ ಚಹಾ ಬಂತು.

ಕಪ್ಪು-ಬಸಿ ನನ್ನ ಕೈಗೆ ಬಂದದ್ದೇ ತಟತಟ ಕುಣಿಯತೊಡಗಿತು. ಅರ್ಧ ಚಹಾ ಅಂಗಿಯ ಮೇಲೆ, ಅರ್ಧ ಜಮಖಾನೆಯ ಮೇಲೆ. ಬೀಗರ ನಗು ನಿಂತಿತು. ಅವರು ನನ್ನ ಕೈ ನೋಡಿದರು, ದಾರಿಯ ಧೂಳಿಗೆ ಕೆಂಪಾದ ಕಣ್ಣು ನೋಡಿದರು, ಬಾಗಿಲಲ್ಲಿದ್ದ ಒಂದೇ ಚಪ್ಪಲಿ ನೋಡಿದರು.

"ಹಿರೇ ಅಳಿಯಾರು... ಮುಂಜಾನಿನ ತಗೊಂತಾರೇನ್ರಿ?"

ಒಳಬಾಗಿಲಲ್ಲಿ ಶಾಂತಾ ಬಾಯಿ ತೆರೆದಳು. ಅವಳ ಹಿಂದೆ ಸವಿತಾ ಮುಖ ಬಿಳಿಚಿಕೊಂಡು ನಿಂತಿದ್ದಳು. ನಾನು ಚಹಾ, ಕಾಫಿ ಬಿಟ್ಟರೆ ಏನನ್ನೂ ಕುಡಿದವನಲ್ಲ. ಹೇಳಬೇಕೆಂದರೆ ಸೇತುವೆಯ ಕಥೆ ಹೇಳಬೇಕು. ನಾನು ಮಾವನವರ ಮುಖ ನೋಡಿದೆ. ಮಾವನವರು ಸವಿತಾಳ ಮುಖ ನೋಡಿದರು. ಆಮೇಲೆ ಬೀಗರ ಎರಡೂ ಕೈ ಹಿಡಿದುಕೊಂಡರು.

"ಬಿಡಸ್ತೀನ್ರಿ. ನಾನ ಜವಾಬ್ದಾರಿ. ಇವತ್ತಿಂದ ಬಿಡಸ್ತೀನಿ!"

ಬೀಗರು ದೇವರ ಮನೆಯತ್ತ ಕೈ ತೋರಿಸಿ, "ಆತು. ಇಲ್ಲೇ, ದೇವರ ಮುಂದ ಆಣಿ ಮಾಡ್ಲಿ" ಎಂದರು.

ಮಾಡಿದೆ. ಜೀವನದಲ್ಲಿ ಒಂದು ಹನಿಯೂ ಮುಟ್ಟದ ಹೆಂಡವನ್ನು, ದೇವರ ಮನೆಯಲ್ಲಿ ವಿಭೂತಿ ಮುಟ್ಟಿ, ತುಂಬಿದ ಸಭೆಯಲ್ಲಿ ಬಿಟ್ಟೆ. ಆಗಲೂ ಕೈ ನಡುಗುತ್ತಿತ್ತು. "ಪಾಪ, ಬಿಡೂದು ಭಾಳ ತ್ರಾಸು" ಎಂದು ಬೀಗರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಸವಿತಾಳ ಮದುವೆ ನಿಶ್ಚಯವಾಯಿತು.

ನಾನು ಟ್ರ್ಯಾಕ್ಸಿನಲ್ಲಿ, ಹೆಂಗಸರ ಕಾಲ ಬುಡದಲ್ಲಿ ಕೂತು ಹಿಂದಿರುಗಿದೆ. ನಿಜ ಸಂಗತಿಯನ್ನು ಶಾಂತಾಳಿಗೆ ಪಿಸುಗುಟ್ಟಿದೆ. ಅವಳು ಬಹಳ ಹೊತ್ತು ನಕ್ಕು, "ಹೋಗ್ಲಿ ಬಿಡ್ರಿ. ಕುಡಿಯೂದಾದ್ರೂ ಬಿಟ್ರೆಲ್ಲಾ!" ಎಂದಳು.

ಈಗ ಬೀಗರಿಗೆ ನನ್ನ ಮೇಲೆ ಅಪಾರ ಅಭಿಮಾನ. ಹೋದಲ್ಲೆಲ್ಲ ನನ್ನನ್ನೇ ಉದಾಹರಣೆ ಕೊಡುತ್ತಾರಂತೆ. ಮೊನ್ನೆ ಫೋನು ಮಾಡಿದ್ದರು. ಅವರ ಊರಿನ ಶಾಲೆಯಲ್ಲಿ ಮದ್ಯಪಾನದ ದುಷ್ಪರಿಣಾಮಗಳ ಬಗ್ಗೆ ಕಾರ್ಯಕ್ರಮವಿದೆ, ನಾನು ಬಂದು ಸ್ವಂತ ಅನುಭವದಿಂದ ಎರಡು ಮಾತು ಆಡಬೇಕಂತೆ. "ಹ್ಯಾಂಗ್ ಚಾಲೂ ಆತು, ಹ್ಯಾಂಗ್ ಬಿಟ್ರಿ, ಎಲ್ಲಾ ಬಿಚ್ಚಿ ಹೇಳ್ರಿ."

ಒಪ್ಪಿಕೊಂಡಿದ್ದೇನೆ. ಭಾಷಣ ಬರೆಯುತ್ತಿದ್ದೇನೆ. ಅನುಭವದ ಕೊರತೆ ಬಹಳ ಕಾಡುತ್ತಿದೆ!